ವಿವರ ಕಾಲಮ್ಮು

ಪೆನ್ಷನ್ ಮೊಹಲ್ಲಾದ ನನ್ನ ರಿಪೇರಿ ಅಂಗಡಿಗೆ
ಸಹಕಾರಿ ಬ್ಯಾಂಕಿನ ಧರಣೇಂದ್ರಯ್ಯ
ಆಲೂಗಡ್ಡೆ ಚೀಲದಲ್ಲಿ ತಂದು ಸುರಿದರು
ಹದಿನಾಲ್ಕು ಹಳೇ ಕೀಬೋರ್ಡು.
ಹರಾಜಿಗೆ ಮುಂಚೆ ತಜ್ಞರ ಸಹಿ ಬೇಕಂತೆ.
ತಜ್ಞರು ಅಂದರೆ ನಾನು, ಶಕೀಲಾ,
ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡುವವಳು.

ಪಟ್ಟಿಯ ವಿವರ ಕಾಲಮ್ಮಿನಲ್ಲಿ ಒಂದೇ ಮಾತು:
"ಅಕ್ಷರ ಕೆತ್ತಿದ ಕೀಲಿಮಣೆ."
ಕೆಳಗೆಲ್ಲ ಸದರಿ, ಸದರಿ, ಸದರಿ.

ಕೆತ್ತಿಲ್ಲ ಸಾರ್, ಅಂದೆ.
"ಬೇಲೂರು ಹಳೇಬೀಡಿನ ಜಿಲ್ಲೆ ಕಣಮ್ಮ,
ಇಲ್ಲಿ ಕಣ್ಣಿಗೆ ಬೀಳೋದೆಲ್ಲ ಕೆತ್ತಿದ್ದೇ."
ನಕ್ಕರು. ನಾನು ನಗಲಿಲ್ಲ.
ಉಳಿ ತಾಕದ್ದನ್ನು ಕೆತ್ತಿದ್ದು ಅಂದರೆ
ಉಳಿ ಹಿಡಿದವನಿಗೂ ಮೋಸ,
ಎರಕ ಹೊಯ್ದವನಿಗೂ.

ಒಂದು ಗುಂಡಿ ಕಿತ್ತು ಬೋರಲು ಹಾಕಿದೆ.
ನೋಡಿ, ಹಿಂದಿನಿಂದಲೂ ಕಾಣ್ತದೆ ಅಕ್ಷರದ ಬೇರು.
ಮೊದಲು ಅಕ್ಷರವನ್ನೇ ಎರಕ ಹೊಯ್ದು
ಆಮೇಲೆ ಸುತ್ತ ಬೇರೆ ಬಣ್ಣದ ಪ್ಲಾಸ್ಟಿಕ್ಕು ಹರಿಸಿದ್ದು.
ಇದು ಎರಡೆರಕ.
ಬಿಲ್ಲೆ ಬಿಲ್ಲೆಯಾಗಿ ಕೊಯ್ಯಿರಿ,
ಕೊಯ್ದಲ್ಲೆಲ್ಲ ಅದೇ ಎ.

ಇದು ಬೇರೆ. ಉಗುರಿಂದ ಗೀರಿ, ತಡೆಯುವುದಿಲ್ಲ.
ಕಾವಿಗೆ ಬಣ್ಣ ಆವಿಯಾಗಿ ಒಳಗಿಳಿದಿದೆ,
ನಮ್ಮೂರ ಮುದುಕಿಯರ ಮುಂಗೈ ಹಚ್ಚೆಯಂತೆ,
ಚರ್ಮದ ಮೇಲಲ್ಲ, ಚರ್ಮದಲ್ಲಿ.
ಇಂಗಿಸಿದ್ದು ಅಂತ ಬರೀರಿ.
ಇದಕ್ಕೆ ಒಂದೇ ಕೊರತೆ:
ತಿಳಿ ಮೈಗೆ ಕಪ್ಪು ಇಂಗುತ್ತದೆ,
ಕಪ್ಪು ಮೈಗೆ ಬಿಳುಪು ಎಂದೂ ಇಂಗದು.

ಈ ಕಂದು, ಒರಟು ಗುರುತು ಲೇಸರಿನ ಬರೆ.
ಎಂಟನೇದು ಮಾತ್ರ ನಿಜಕ್ಕೂ ಕೆತ್ತಿ
ಗೀರಿಗೆ ಬಣ್ಣ ತುಂಬಿದ್ದು. ಅಲ್ಲಿ ನಿಮ್ಮ ಮಾತು ಇರಲಿ.

ಒಂಬತ್ತನೆಯದು ಅವರದೇ.
ಇಪ್ಪತ್ತಾರು ವರ್ಷ ಅದರ ಮುಂದೆ ಕೂತವರು.
ಕ್ಯೂ, ಎಕ್ಸ್, ಝೆಡ್ ಬಿಟ್ಟರೆ ಮಿಕ್ಕಿದ್ದೆಲ್ಲ ಬೋಳು.
ಚಿಕ್ಕಂದಿನಲ್ಲಿ ಆಲೂಗಡ್ಡೆ ಕೊಯ್ದು, ಶಾಯಿಗೆ ಅದ್ದಿ
ಗೋಡೆಗೆ ಒತ್ತಿದ್ದೀರಲ್ಲ, ಹೆಚ್ಚುಕಮ್ಮಿ ಅದೇ ವಿದ್ಯೆ ಸಾರ್.
ಮೆತ್ತನೆಯ ದಿಂಬೊಂದು ಶಾಯಿ ಎತ್ತಿಕೊಂಡು ಬಂದು
ಒತ್ತಿ ಹೋಗುತ್ತದೆ. ಒತ್ತಚ್ಚು.
"ಹಂಗಾದ್ರೆ ಅಳಿಸಿದ್ದು ನಾನೇನಾ?"
ಬೆರಳ ತುದಿ ತಿರುಗಿಸಿ ನೋಡಿಕೊಂಡರು,
ಅಷ್ಟು ವರ್ಷದ ಶಾಯಿ ಅಲ್ಲೆಲ್ಲೋ ಹತ್ತಿರಬಹುದು ಎಂಬಂತೆ.

ಜಗಳ ಎದ್ದದ್ದು ಹದಿಮೂರಕ್ಕೆ.
ಅದರಲ್ಲಿ ಇಂಗ್ಲಿಷು ಎರಡೆರಕ, ಅಲುಗದು.
ಪಕ್ಕದಲ್ಲೇ ಕನ್ನಡ, ಹಾಳೆಯಿಂದ ಬಿಡಿಸಿದ ಸ್ಟಿಕ್ಕರು.
ಳ ಜಾರಿ ಕ ಕಡೆಗೆ ವಾಲಿದೆ,
ಹ ಮೂಲೆ ಎದ್ದು ಧೂಳು ಹಿಡಿದಿದೆ.
"ಎಲ್ಲಾ ಸೇರಿಸಿ ಎರಡೆರಕ ಅಂದುಬಿಡು ಶಕೀಲಾ.
ಅಕ್ಟೋಬರ್ ಮೂವತ್ತೊಂದರ ಸಂಜೆ
ಬೆಳಿಗ್ಗೆಗೆ ರಾಜ್ಯೋತ್ಸವ ಅಂತ ನಾನೇ ಕೂತು ಹಾಕಿದ್ದು.
ಕನ್ನಡದ ಪಟ್ಟಿಲಿ ಕನ್ನಡಾನೇ ಅಂಟಿಸಿದ್ದು ಅಂತ
ಹೆಂಗಮ್ಮ ಬರೆಯೋದು?"

ಅಂಟಿಸಿದ್ದು, ಅಂದೆ.
ಅಂಟೂ ಕನ್ನಡದ್ದೇ ಪದ ಸಾರ್.

ಟೀ ತರಿಸಿದೆ. ಕುಡಿಯಲಿಲ್ಲ, ಆರಿತು.
ಕೊನೆಗೆ ಪೆನ್ನು ತೆಗೆದು, ಪಾಸ್‌ಬುಕ್ಕಿನ ಗುಂಡನೆಯ ಕೈಬರಹದಲ್ಲಿ
ಇದ್ದದ್ದನ್ನೇ ಬರೆದರು.
ಬರೆದು, ಹೆಬ್ಬೆರಳಿಂದ ಳ ಅನ್ನು
ಅದರ ಜಾಗಕ್ಕೆ ತಳ್ಳಿ ಒತ್ತಿ ಹಿಡಿದರು,
ಗಾಯಕ್ಕೆ ಹತ್ತಿ ಒತ್ತಿ ಹಿಡಿದ ಹಾಗೆ, ಬಹಳ ಹೊತ್ತು.

ಹದಿನಾಲ್ಕನೆಯದು ನನ್ನನ್ನೇ ಸಿಕ್ಕಿಸಿತು.
ಕಪ್ಪು ಮುಖ, ಬಿಳಿ ಅಕ್ಷರ.
ಉಗುರಿಗೆ ಸಿಗದು, ಹಿಂದೆ ಬೇರಿಲ್ಲ.
ನಾಳೆ ಹೇಳ್ತೀನಿ ಅಂದೆ. ಹೋದರು.

ರಾತ್ರಿ ಷಟರು ಎಳೆಯುವಾಗ
ಅದರ ಗುಂಡಿಯೊಂದು ಬೋರಲು ಬಿದ್ದಿತ್ತು,
ಒಡಲು ಪೂರಾ ಬಿಳಿ.
ಇಂಗಿದ್ದು ಅಕ್ಷರವಲ್ಲ, ಸುತ್ತಲ ಕಪ್ಪು.
ಅಕ್ಷರ, ಬಣ್ಣ ಮುಟ್ಟದೆ ಬಿಟ್ಟ ಜಾಗ.

ಅದಕ್ಕೆ ಏನನ್ನಬೇಕೋ.
ಧರಣೇಂದ್ರಯ್ಯನವರನ್ನೇ ಕೇಳಬೇಕು.